ಏಳನೇ ಎರಿಯ ತಗಾದೆ

ಭೂಮಿ ಹುಣ್ಣಿಮೆಯ ಮರುದಿನ ಮನೆಯವರೆಲ್ಲ ಉಳಿದ ಕಡುಬು ಬಿಸಿ ಮಾಡುತ್ತಿದ್ದರು. ನಾನು ಕೊಟ್ಟಿಗೆಯ ಅಟ್ಟದಲ್ಲಿ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಅಂಗಾತ ಮಲಗಿದ್ದೆ. ಮೂಗಿನಿಂದ ಅರ್ಧ ಅಡಿ ಮೇಲೆ ತುಡುವೆ ಜೇನು, ಅಂದರೆ ಪೆಟ್ಟಿಗೆಯಲ್ಲೂ ಸಾಕುವ ನಮ್ಮ ನಾಡಿನ ಸಣ್ಣ ಜೇನು, ಕಟ್ಟಿದ ಏಳು ಎರಿ (ಮೇಣದ ಹಲ್ಲೆ). ಕೈಯಲ್ಲಿ ಸ್ಟೀಲ್ ಸ್ಕೇಲು. ಎರಡು ತಿಂಗಳ ತಲೆನೋವು ಬಿಟ್ಟಿದ್ದು ಅಲ್ಲೇ.

ಜೇನು ಪೆಟ್ಟಿಗೆ ಇಟ್ಟು ಗೊತ್ತಿರುವವರಿಗೆ ಬರೆಯುತ್ತಿದ್ದೇನೆ. ಹಾಗಾಗಿ ಜೇನು ಕುಟುಂಬ ಹಿಡಿದಿದ್ದು, ಸಕ್ಕರೆ ಪಾಕ ಕೊಟ್ಟಿದ್ದು, ಇರುವೆ ಬರದಂತೆ ಕಾಲಡಿ ನೀರು ಇಟ್ಟಿದ್ದು ಎಲ್ಲ ಬಿಟ್ಟೆ. ಮಳೆಗಾಲ ದಾಟಿತು. ಮೂರರಲ್ಲಿ ಎರಡು ಕುಟುಂಬ ಉಳಿದಿವೆ. ಬೆಳಿಗ್ಗೆ ನಾಚಿಕೆಮುಳ್ಳಿನ ಹೂವಿಂದ ಪರಾಗ ತರುತ್ತಿವೆ. ಅಷ್ಟು ಸಾಕು.

ನನ್ನ ಜೇನಿನ ನೋಟ್‌ಬುಕ್ಕಲ್ಲಿ ಎರಡು ಕಾಲಮ್ಮು. ಎಡಗಡೆ ಕಣ್ಣಿಗೆ ಕಂಡದ್ದು. ಬಲಗಡೆ, ಅದರಲ್ಲಿ ದೇವರ ಗುಣ ಏನು ಕಂಡಿತು ಅನ್ನೋದು. ಇದು ಅಜ್ಜಿಯಿಂದ ಬಂದ ಚಟ. ತೋಟದಲ್ಲಿ ಅಡಿಕೆಯ ಹೂಗೊಂಚಲು, ಹಿಂಗಾರ, ಒಡೆದಾಗ ಅಜ್ಜಿ ಸುಮ್ನೆ ನಿಂತು ನೋಡುತ್ತಿದ್ದಳು. ಒಂದು ಹಿಂಗಾರದಲ್ಲಿ ಸಾವಿರಾರು ಗಂಡು ಹೂ, ಅಡಿಕೆಯಾಗುವುದು ಎಸಳುಗಳ ಬುಡದ ಹೆಣ್ಣು ಹೂಗಳಲ್ಲಿ ಕೆಲವು ಮಾತ್ರ. "ಅವನಿಗೆ ಜಿಪುಣತನ ಗೊತ್ತೇ ಇಲ್ಲ ನೋಡು, ಉದುರಿದ್ದೂ ಯಾರದೋ ಊಟ" ಅನ್ನುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ನನಗೆ ಬರುತ್ತದೆ. ಹಾಗಾಗಿ ಬರೆದಿಡುತ್ತೇನೆ.

ಈಗ ತಗಾದೆ. ಎರಡನೇ ಪೆಟ್ಟಿಗೆಯಲ್ಲಿ ಮೊದಲ ಎರಡು ಎರಿ, ಎರಿ ಕಟ್ಟಲೆಂದೇ ಒಳಗೆ ತೂಗುಹಾಕಿದ ಮರದ ಚೌಕಟ್ಟಿನಲ್ಲಿ ನೆಟ್ಟಗೆ ಇಳಿದವು. ಮೂರನೆಯದು ಸ್ವಲ್ಪ ಪಕ್ಕಕ್ಕೆ. ಐದನೆಯದು ಇನ್ನೂ ಪಕ್ಕಕ್ಕೆ. ಏಳನೆಯದು ಆರನೇ ಮತ್ತು ಏಳನೇ ಚೌಕಟ್ಟುಗಳ ಮಧ್ಯೆ ಜೋತಾಡುತ್ತಿತ್ತು, ಎರಡಕ್ಕೂ ಸೇರಿಸಿ ಮೇಣದ ಸೇತುವೆ. ಒಂದು ಚೌಕಟ್ಟು ಎತ್ತಿದರೆ ಪಕ್ಕದ್ದೂ ಹರಿದು ಬರುತ್ತಿತ್ತು. ಕತ್ತರಿಸಿ ಸರಿ ಮಾಡಿದೆ. ಹತ್ತು ದಿನಕ್ಕೆ ಮತ್ತೆ ಅದೇ. ಪೆಟ್ಟಿಗೆ ಓರೆ ಇದೆಯೇನೋ ಅಂತ ರಸಮಟ್ಟ ಇಟ್ಟು ನೋಡಿದೆ. ದಿಕ್ಕು ಬದಲಿಸಿದೆ. ಹೊಗೆ ಕಮ್ಮಿ ಮಾಡಿದೆ. ಮತ್ತೆ ಅದೇ. ಜೂನ್‌ನಲ್ಲಿ ಬಲಗಡೆ ಕಾಲಮ್ಮಿನಲ್ಲಿ "ಶಿಸ್ತು" ಅಂತ ಚೆಂದಾಗಿ ಬರೆದಿದ್ದೆ. ಸೆಪ್ಟೆಂಬರಲ್ಲಿ ಅದನ್ನು ಹೊಡೆದು ಹಾಕಿ "ಹಟ" ಅಂತ ಬರೆದೆ. ದೇವರಿಗೆ ಬರೆದೆನೋ ಜೇನಿಗೋ ಗೊತ್ತಿಲ್ಲ.

ಚೌಕಟ್ಟು ಕಳಿಸಿದ ಅಂಗಡಿಯವನಿಗೆ ಫೋನ್ ಮಾಡಿದೆ. "ಸಾರ್, ಎಲ್ಲಾ ಜೇನಿಗೂ ಒಂದೇ ಅಳತೆ, ನಿಮ್ಮ ಹುಳ ಸರಿ ಇಲ್ಲ" ಅಂದ. ಇದೇ ಪುಣ್ಯಾತ್ಮ ಹೋದ ವರ್ಷ ಕಳಿಸಿದ, ಎರಿಗೆ ಬುನಾದಿಯಾಗಿ ಇಡುವ ಮೇಣದ ಹಾಳೆಯಲ್ಲಿ ಕೋಣೆಗಳ ಅಚ್ಚೂ ದೊಡ್ಡದಿತ್ತು. ಅದನ್ನು ಕರಗಿಸಿ ಬಾಗಿಲ ಕೀಲಿಗೆ ಹಚ್ಚಿ ಮುಗಿಸಿದೆವು.

ನಮ್ಮ ದೊಡ್ಡಪ್ಪ ಒಂದೇ ಮಾತು ಹೇಳಿದರು: "ಪೆಟ್ಟಿಗೆ ಇಲ್ಲದಾಗ ಹೇಗೆ ಕಟ್ಟುತ್ತವೆ ಅಂತ ನೋಡಿದೀಯನೋ ಮಾರಾಯ?"

ಅಟ್ಟದಲ್ಲಿ ಕವುಚಿಟ್ಟ ಮಣ್ಣಿನ ಬಾನಿಯೊಳಗೆ ಒಂದು ಕುಟುಂಬ ತಾನಾಗಿ ಬಂದು ಸೇರಿತ್ತು. ಬಾನಿಯ ಒಂದು ಬದಿಗೆ ಇಟ್ಟಿಗೆ ಕೊಟ್ಟು ಎತ್ತಿ, ಕೆಳಗಿನಿಂದ ಅಳೆದೆ. ಮೊದಲ ಎರಿಯ ನಡುವಿನಿಂದ ಏಳನೆಯದರ ನಡುವಿಗೆ 189 ಮಿ.ಮೀ. ಆರು ಅಂತರಕ್ಕೆ ಭಾಗಿಸಿದರೆ 31.5. ಕೆಳಗಿಳಿದು ನನ್ನ ಚೌಕಟ್ಟುಗಳನ್ನೂ ನಡುವಿನಿಂದ ನಡುವಿಗೆ ಅಳೆದೆ. 35! ದೊಡ್ಡ ಇಟಾಲಿಯನ್ ಜೇನಿನ ಅಳತೆ. ಒಂದೊಂದಕ್ಕೆ ಮೂರೂವರೆ ಮಿ.ಮೀ. ತಪ್ಪು. ಏಳನೆಯದಕ್ಕೆ ಬರುವಾಗ 21 ಮಿ.ಮೀ. ಜೇನು ಎಲ್ಲೂ ಓರೆ ಕಟ್ಟಿರಲೇ ಇಲ್ಲ. ಅವು ತಮ್ಮ ಲೆಕ್ಕದಲ್ಲಿ ನೆಟ್ಟಗೇ ಕಟ್ಟಿದ್ದವು. ಓರೆ ಇದ್ದಿದ್ದು ನನ್ನ ಚೌಕಟ್ಟು.

ಅಟ್ಟದ ಮೆಟ್ಟಿಲಲ್ಲೇ ಕೂತುಬಿಟ್ಟೆ. ಬಾನಿ ಆದರೂ ಆಗಬಹುದು, ಹುತ್ತ, ಮರದ ಪೊಟರೆ, ಗೋಡೆ ಸಂದಿ ಆದರೂ ಆಗಬಹುದು. ಜಾಗದ ಬಗ್ಗೆ ಅವಕ್ಕೆ ಏನೂ ತಕರಾರಿಲ್ಲ. ಆದರೆ ಎರಿಗೂ ಎರಿಗೂ ನಡುವೆ ಎರಡು ಜೇನುನೊಣ ಬೆನ್ನಿಗೆ ಬೆನ್ನು ಕೊಟ್ಟು ಓಡಾಡುವಷ್ಟು ಜಾಗ ಮಾತ್ರ ಬೇಕೇ ಬೇಕು. ಹೆಚ್ಚಾದರೆ ಮೇಣದಿಂದ ತುಂಬುತ್ತವೆ. ಇಷ್ಟು ವರ್ಷ ಮೇಣ, ಜೇನುತುಪ್ಪ ನೋಡಿ ದೇವರ ಗುಣ ಬರೆದಿದ್ದೆ. ಅವನು ಬಿಟ್ಟ ಸಂದಿಯನ್ನು ನೋಡಿರಲೇ ಇಲ್ಲ.

ಈ ಸಂದಿ ಲೆಕ್ಕವನ್ನು 1851ರಲ್ಲಿ ಹಿಡಿದವನು ಅಮೆರಿಕದ ಲ್ಯಾಂಗ್‌ಸ್ಟ್ರಾತ್, ವೃತ್ತಿಯಲ್ಲಿ ಪಾದ್ರಿ. ನಮ್ಮ ತುಡುವೆಗೆ ತಕ್ಕ ಸಣ್ಣ ಪೆಟ್ಟಿಗೆ ಮಾಡಿ 1911ರಿಂದ 1917ರವರೆಗೆ ದಕ್ಷಿಣ ಭಾರತದ ಹಳ್ಳಿಗರಿಗೆ ಕಲಿಸಿದ ನ್ಯೂಟನ್ ಕೂಡ ಪಾದ್ರಿ. ಇದನ್ನು ಹೇಳಿದ್ದಕ್ಕೆ ನನ್ನ ಹೆಂಡತಿ, "ಅವರು ಪ್ರಾರ್ಥನೆ ಮುಗಿಸಿ ಪೆಟ್ಟಿಗೆ ಹತ್ತಿರ ಹೋಗ್ತಿದ್ರು, ನೀವು ದೇವರ ದೀಪಾನೂ ಹಚ್ಚದೆ ಹೋಗ್ತೀರಿ" ಅಂದಳು. ಉತ್ತರ ಇರಲಿಲ್ಲ.

ರಿಪೇರಿ: ಪ್ರತಿ ಚೌಕಟ್ಟಿನ ಎರಡೂ ಭುಜ, ಅಂದರೆ ಪಕ್ಕದ ಚೌಕಟ್ಟಿಗೆ ತಾಗುವ ಅಂಚು, ಕೀಸುಳಿಯಿಂದ 1.75 ಮಿ.ಮೀ. ಕೆತ್ತಿದೆ. ಎಂಟು ಚೌಕಟ್ಟಾದ ಮೇಲೆ 28 ಮಿ.ಮೀ. ಉಳಿಯಿತು. 20 ಮಿ.ಮೀ. ದಪ್ಪದ ಹಲಗೆ ಕೊಟ್ಟೆ, 8 ಅವಕ್ಕೆ ಬಿಟ್ಟೆ. ಮರಿ ಇರುವ ಎರಿ ಕತ್ತರಿಸಿ ಚೌಕಟ್ಟಿಗೆ ಬಾಳೆ ನಾರಿನಲ್ಲಿ ಕಟ್ಟಿದೆ. ಬೆರಳು ಊದಿ ಬೆಂಡೆಕಾಯಿಯಾಯಿತು.

ತಳಹಲಗೆಯಲ್ಲಿ ಬಿದ್ದಿದ್ದ ಎರಿ ಚೂರಿನಲ್ಲಿ ಮೇಣದ ಹುಳು. ಹದಿನಾಲ್ಕು. ಬಲಗಡೆ ಏನು ಬರೆಯೋದು? ಹಾಳು ಬಿದ್ದ ಹಳೇ ಎರಿಯನ್ನು ಈ ಹುಳು ತಿಂದು ಪೊಟರೆಯನ್ನು ಮುಂದಿನ ಕುಟುಂಬಕ್ಕೆ ಖಾಲಿ ಮಾಡಿಕೊಡುತ್ತದೆ, ಅದು ನಿಜ. ಹಾಗೇ ಬರೆದು, ಪಕ್ಕಕ್ಕೊಂದು ಪ್ರಶ್ನೆ ಚಿಹ್ನೆ ಹಾಕಿದೆ. ಯಾಕೆಂದರೆ ಹದಿನಾಲ್ಕನ್ನೂ ಹೆಬ್ಬೆರಳಲ್ಲಿ ಒರೆಸಿ ಹಾಕಿದವನು ನಾನೇ.

ಅಂದಹಾಗೆ ಮುಂದಿನದು ಚುಚ್ಚದ ಪುಟ್ಟ ಮಿಸರಿ ಜೇನು, ಬಿದಿರಿನ ಅಂಡೆಯಲ್ಲಿ. ಅವಕ್ಕೆ ಚೌಕಟ್ಟೂ ಬೇಡ, ಅಂಗಡಿಯವನೂ ಬೇಡ. ಬಾಗಿಲಿಗೆ ಅಂಟಿನ ಕೊಳವೆ ತಾವೇ ಕಟ್ಟಿಕೊಳ್ಳುತ್ತವೆ. ಗೋಡೆ ಸಂದಿಯಿಂದ ಅವನ್ನು ಅಂಡೆಗೆ ಹೇಗೆ ಕರೆಯೋದು ಅಂತ ತಲೆ ಓಡುತ್ತಿದೆ. ಬಿದಿರು ಕಡಿದುಕೊಡುವವರು ಮಾತ್ರ ಸಿಕ್ಕಿಲ್ಲ, ಅಡಿಕೆ ಕೊನೆ ಕೊಯ್ಲು ಶುರುವಾದರೆ ಯಾರೂ ಕೈಗೆ ಸಿಗೋದಿಲ್ಲ.

ಇವತ್ತು ಬೆಳಿಗ್ಗೆ ಎರಡನೇ ಪೆಟ್ಟಿಗೆಯ ಬಾಗಿಲ ಮುಂದೆ ಬಾಳೆ ನಾರಿನ ತುಂಡು ಬಿದ್ದಿದ್ದವು. ಎರಿಯನ್ನು ಚೌಕಟ್ಟಿಗೆ ಬೆಸೆದು, ಕಟ್ಟನ್ನು ಕಡಿದು ಹೊರಗೆ ಎಸೆದಿದ್ದಾವೆ. ಒಂದು ನೊಣ ತನಗಿಂತ ಉದ್ದದ ನಾರು ಎಳೆದುಕೊಂಡು ಬಂದು, ಅಂಚಿನಲ್ಲಿ ಎರಡು ಸಲ ಜಾರಿ, ಮೂರನೇ ಸಲ ನಾರಿನ ಸಮೇತ ಕೆಳಗೆ ಬಿತ್ತು. ಏಳನೇ ಎರಿ ಏಳನೇ ಚೌಕಟ್ಟಿನಲ್ಲಿದೆಯೋ ಇಲ್ಲವೋ ಶನಿವಾರ ತೆಗೆದು ನೋಡಬೇಕು. ಬಲಗಡೆ ಸದ್ಯಕ್ಕೆ 31.5 ಅಂತ ಬರೆದಿದ್ದೇನೆ.