ಡ್ರಾ ಆದ್ರೂ ನಡೀತೈತ್ರಿ

2025ರ ಅಕ್ಟೋಬರ್ 14ರಂದು ಗೋವಾದ ಫತೋರ್ಡಾ ಮೈದಾನದಲ್ಲಿ ಭಾರತ ಸಿಂಗಪುರದ ಎದುರು 1–2ರಿಂದ ಸೋತು, 2027ರಲ್ಲಿ ಸೌದಿ ಅರೇಬಿಯಾದಲ್ಲಿ ನಡೆಯುವ ಏಷ್ಯಾ ಕಪ್ ಫುಟ್‌ಬಾಲಿನ ದಾರಿ ಮುಚ್ಚಿಕೊಂಡು ವಾರ ತುಂಬುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ಆ ಸೋಲಿಗಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಪಂದ್ಯದ ನಡುವೆ ಪಕ್ಕದಲ್ಲಿ ಕುಳಿತಿದ್ದ ಗೆಳೆಯರು ಆಡಿದ ಒಂದು ಮಾತು. "ಡ್ರಾ ಆದ್ರೂ ನಡೀತೈತ್ರಿ ಸರ" ಎಂದರು. ಹಾಗೆಂದಾಗ ನಾವು ಹಿಂದಿರಲಿಲ್ಲ, ಸಮಬಲದಲ್ಲೂ ಇರಲಿಲ್ಲ; 14ನೇ ನಿಮಿಷದಲ್ಲಿ ಛಾಂಗ್ಟೆ ಹೊಡೆದ ಗೋಲಿನಿಂದ ಮುಂದಿದ್ದೆವು, ಗ್ಯಾಲರಿಯೆಲ್ಲ ಎದ್ದು ನಿಂತು ಕೂಗುತ್ತಿತ್ತು.

ಈ ಗೆಳೆಯರು ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರವೊಂದರಲ್ಲಿ ಗಣಿತ ಹೇಳಿಕೊಡುತ್ತಾರೆ. ಒಳ್ಳೆಯ ಮನುಷ್ಯರು, ಆದರೆ ಎದುರಿಗಿರುವುದನ್ನು ಲೆಕ್ಕಕ್ಕೆ ಇಳಿಸದೆ ನೋಡಲಾರರು. ಗೋವಾಕ್ಕೆ ಹೋಗುವ ರೈಲಿನಲ್ಲಿ ದೂಧಸಾಗರದ ಜಲಪಾತಕ್ಕೆ ಜನರೆಲ್ಲ ಕಿಟಕಿಗೆ ಮುಗಿಬಿದ್ದಿದ್ದರೆ, ಇವರು ಟಿಕೆಟಿನ ಹಿಂಬದಿಯಲ್ಲಿ ಅರ್ಹತಾ ಸುತ್ತಿನ ನಮ್ಮ 'ಸಿ' ಗುಂಪಿನ ಅಂಕಪಟ್ಟಿ ಬರೆಯುತ್ತಿದ್ದರು. ಭಾರತ, ಸಿಂಗಪುರ, ಹಾಂಗ್‌ಕಾಂಗ್, ಬಾಂಗ್ಲಾದೇಶ. ಪ್ರತಿ ತಂಡಕ್ಕೂ ತವರಿನಲ್ಲಿ ಮೂರು, ಹೊರಗೆ ಮೂರು, ಒಟ್ಟು ಆರು ಪಂದ್ಯ. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು. ಕೊನೆಗೆ ಮೊದಲ ಸ್ಥಾನದ ಒಂದೇ ತಂಡಕ್ಕೆ ಪ್ರವೇಶ.

ಅವರ ಲೆಕ್ಕ ತಪ್ಪಿರಲಿಲ್ಲ ಎಂಬುದನ್ನು ಒಪ್ಪಬೇಕು. ಅಂದು ಹಾಂಗ್‌ಕಾಂಗ್ ಮತ್ತು ಬಾಂಗ್ಲಾದೇಶ 1–1ರ ಡ್ರಾ ಮಾಡಿಕೊಂಡಿದ್ದರಿಂದ ಹಾಂಗ್‌ಕಾಂಗಿನ ಅಂಕ ಎಂಟಕ್ಕೆ ನಿಂತಿತ್ತು. ನಮ್ಮ ಪಂದ್ಯವೂ ಡ್ರಾ ಆದರೆ ಸಿಂಗಪುರಕ್ಕೆ ಆರು, ನಮಗೆ ಮೂರು. ಆಮೇಲೆ ಉಳಿದೆರಡು ಪಂದ್ಯಗಳನ್ನು ನಾವು ಗೆದ್ದು, ಸಿಂಗಪುರ–ಹಾಂಗ್‌ಕಾಂಗ್ ಪಂದ್ಯದ ಫಲಿತಾಂಶವೂ ನಮಗೆ ಒದಗಿ ಬಂದರೆ ಒಂಬತ್ತು ಅಂಕದ ಮೇಲೆ ಹೇಗೋ ದಡ ಸೇರಬಹುದಿತ್ತು. ಕಾಗದದ ಮೇಲೆ ಜೀವ ಇನ್ನೂ ಇತ್ತು. ಆದರೆ ಮುಂದಿರುವ ತಂಡದ ಅಭಿಮಾನಿಯ ಬಾಯಲ್ಲಿ ಆ ಹೊತ್ತಿಗೆ ಡ್ರಾ ಎಂಬ ಮಾತೇ ಏಕೆ ಬರಬೇಕಿತ್ತು?

44ನೇ ನಿಮಿಷದಲ್ಲಿ, ವಿರಾಮಕ್ಕೆ ಕ್ಷಣಗಳಿರುವಾಗ, ಸಿಂಗಪುರದ ಸಾಂಗ್ ಉಯಿ-ಯಂಗ್ ಗೋಲು ಹೊಡೆದು ಸಮ ಮಾಡಿದ. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಗೆಳೆಯರು ಮಾತ್ರ ಅದೇ ಸಮಾಧಾನದಲ್ಲಿ ಹೇಳಿದರು: "ಹೇಳಿದ್ನಲ್ರಿ, ಡ್ರಾ ಆದ್ರೂ ನಡೀತೈತಿ." 58ನೇ ನಿಮಿಷದಲ್ಲಿ ಅದೇ ಸಾಂಗ್ ಇನ್ನೊಂದು ಗೋಲು ಹೊಡೆದಾಗ ಅವರು ಟಿಕೆಟನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಇನ್ನೂ ಅರ್ಧ ಗಂಟೆಯ ಆಟ ಬಾಕಿಯಿತ್ತು. ಅವರ ಮಟ್ಟಿಗೆ ಪಂದ್ಯ ಮುಗಿದಿತ್ತು.

ಅಂದಿನಿಂದ ಆ ಮಾತನ್ನು ತಿರುವಿ ಹಾಕುತ್ತಿದ್ದಂತೆ, ಅದು ಗೆಳೆಯರೊಬ್ಬರದೇ ಮಾತಲ್ಲವೆಂದು ತೋರುತ್ತಿದೆ. ಈ ಗುಂಪನ್ನು ನಾವು ಆಡಿದ್ದೇ ಹಾಗೆ. ಮಾರ್ಚ್‌ನಲ್ಲಿ ಶಿಲ್ಲಾಂಗಿನಲ್ಲಿ, ನಿವೃತ್ತಿ ಘೋಷಿಸಿದ್ದ ಸುನಿಲ್ ಛೆಟ್ರಿಯನ್ನೇ ಮರಳಿ ಕರೆಸಿಕೊಂಡಿದ್ದರೂ, ಬಾಂಗ್ಲಾದೇಶದೊಡನೆ ಗೋಲಿಲ್ಲದ ಡ್ರಾ ಆಯಿತು. ಇರಲಿ, ಒಂದು ಅಂಕ ಬಂತಲ್ಲ ಎಂದುಕೊಂಡೆವು. ಜೂನ್‌ನಲ್ಲಿ ಹಾಂಗ್‌ಕಾಂಗಿನಲ್ಲೂ ಇನ್ನೊಂದು ಅಂಕ ಕೈಗೆ ಬಂತು ಎನ್ನುವಷ್ಟರಲ್ಲಿ, ಹೆಚ್ಚುವರಿ ನಿಮಿಷಗಳಲ್ಲಿ ಪೆನಾಲ್ಟಿ ಬಿದ್ದು 0–1ರಿಂದ ಸೋತೆವು. ಅಕ್ಟೋಬರ್ 9ರಂದು ಸಿಂಗಪುರದಲ್ಲಿ ನಮ್ಮ ರಕ್ಷಣಾ ಆಟಗಾರ ಸಂದೇಶ್ ಝಿಂಗನ್ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ ಹತ್ತೇ ಆಟಗಾರರು ಹೋರಾಡಿ, 90ನೇ ನಿಮಿಷದಲ್ಲಿ ರಹೀಮ್ ಅಲಿಯ ಗೋಲಿನಿಂದ 1–1 ಮಾಡಿಕೊಂಡದ್ದು ನಿಜಕ್ಕೂ ಮೆಚ್ಚಬೇಕಾದ ಸಂಗತಿ. ಆದರೆ ಅದನ್ನು ಗೆಲುವೆಂಬಂತೆ ಸಂಭ್ರಮಿಸಿದವರಲ್ಲಿ ಯಾರೂ ಅಂಕಪಟ್ಟಿಯಲ್ಲಿ ನಾವು ಎಲ್ಲಿದ್ದೇವೆ ಎಂದು ನೋಡಲಿಲ್ಲ. ಇದೇ ಹಂತದ ಅರ್ಹತಾ ಸುತ್ತನ್ನು 2022ರಲ್ಲಿ ಕೋಲ್ಕತ್ತದಲ್ಲಿ ಆಡಿದಾಗ ಕಾಂಬೋಡಿಯಾ, ಅಫ್ಘಾನಿಸ್ತಾನ, ಹಾಂಗ್‌ಕಾಂಗ್ ಮೂರನ್ನೂ ಸೋಲಿಸಿದ್ದೆವು, ಹಾಂಗ್‌ಕಾಂಗನ್ನಂತೂ 4–0ರಿಂದ. ಈ ಬಾರಿ ನಾಲ್ಕು ಪಂದ್ಯಗಳಿಂದ ಸಿಕ್ಕಿದ್ದು ಎರಡೇ ಅಂಕ.

ಮರಳುವಾಗ ರಾತ್ರಿಯ ರೈಲಿನಲ್ಲಿ, ಕುಳೆಂ ನಿಲ್ದಾಣದಲ್ಲಿ ಘಟ್ಟ ಹತ್ತುವುದಕ್ಕೆಂದು ಹಿಂದೆ ಎಂಜಿನ್ ಜೋಡಿಸುತ್ತಿದ್ದ ಹೊತ್ತಿಗೆ, ತಡೆಯಲಾರದೆ ಕೇಳಿಯೇಬಿಟ್ಟೆ: "ಸರ, ಒಂದೇ ಹುದ್ದೆಗೆ ನಾಲ್ಕು ಮಂದಿ ಪರೀಕ್ಷೆಗೆ ಕೂತಿದ್ರ, ಪಾಸಾದ್ರ ಸಾಕು ಅಂತ ನಿಮ್ಮ ಹುಡುಗರಿಗೆ ಹೇಳ್ತಿದ್ರೇನ್ರಿ?" ಅವರು ಬಹಳ ಹೊತ್ತು ಉತ್ತರಿಸಲಿಲ್ಲ. ಆಮೇಲೆ, "ಹಂಗ ಹೇಳಿದ್ರ ನನ್ನ ಕ್ಲಾಸಿಗೆ ಯಾರ್ ಬರ್ತಾರ್ರಿ" ಎಂದು ನಕ್ಕರು. ಆ ನಗೆಯಿಂದ ನನ್ನ ಸಿಟ್ಟು ಇಳಿಯಲಿಲ್ಲ. ಹುಡುಗರಿಗೆ ಹೇಳದ ಮಾತನ್ನು ದೇಶದ ತಂಡಕ್ಕೆ ಅಷ್ಟು ಸಲೀಸಾಗಿ ಹೇಳಿದ್ದರಲ್ಲ ಎಂದು ಇನ್ನಷ್ಟು ಹೆಚ್ಚಾಯಿತು.

ನಮ್ಮ ಕಡೆಯ ಮೈದಾನಗಳಲ್ಲಿ ನಡೆಯುವ ಪಂದ್ಯಾವಳಿಗಳು ಹೆಚ್ಚಾಗಿ ನಾಕ್‌ಔಟ್. ಸೋತವರು ಅಂದೇ ಊರಿನ ಬಸ್ ಹಿಡಿಯುತ್ತಾರೆ. ಗುಂಪಿನ ಪದ್ಧತಿಯಲ್ಲಿ ಆ ಬಿಡುಗಡೆ ಇಲ್ಲ. ನವೆಂಬರ್ 18ಕ್ಕೆ ಢಾಕಾದಲ್ಲಿ ಬಾಂಗ್ಲಾದೇಶದೊಡನೆ, ಬರುವ ಮಾರ್ಚ್‌ನಲ್ಲಿ ಹಾಂಗ್‌ಕಾಂಗಿನೊಡನೆ ಆಡುವುದು ಇನ್ನೂ ಇದೆ. ಎರಡನ್ನೂ ಗೆದ್ದರೂ ಎಂಟೇ ಅಂಕ. ಈಗಾಗಲೇ ಎಂಟೆಂಟು ಅಂಕ ಪಡೆದಿರುವ ಸಿಂಗಪುರ ಮತ್ತು ಹಾಂಗ್‌ಕಾಂಗ್ ಪರಸ್ಪರ ಆಡುವುದಿರುವುದರಿಂದ ಒಂದಾದರೂ ತಂಡ ನಮ್ಮನ್ನು ದಾಟಿಯೇ ದಾಟುತ್ತದೆ. ಹೀಗಾಗಿ ಗೆಳೆಯರಿಗೆ ಢಾಕಾದ ಪಂದ್ಯದಲ್ಲಿ ಆಸಕ್ತಿಯಿಲ್ಲ. "ಲೆಕ್ಕಕ್ಕಿಲ್ಲದ ಮ್ಯಾಚ್ ಏನ್ ನೋಡ್ತೀರಿ ಸರ" ಎನ್ನುತ್ತಾರೆ. ನನಗೆ ಆಸಕ್ತಿ ಇರುವುದು ಅದರಲ್ಲಿಯೇ. ಡ್ರಾದಿಂದ ಏನೂ ಸಿಗದ ಪಂದ್ಯವನ್ನು ಈ ಹನ್ನೊಂದು ಮಂದಿ ಹೇಗೆ ಆಡುತ್ತಾರೆಂದು ನೋಡಬೇಕಾಗಿದೆ. ಅಂದು ಮನೆಗೆ ಬಂದು ಟೀವಿಯಲ್ಲಿ ನೋಡಿರೆಂದು ಗೆಳೆಯರನ್ನು ಕರೆದಿದ್ದೇನೆ. ಅವರಿನ್ನೂ ಹೂಂ ಎಂದಿಲ್ಲ.