ಗೊಬ್ಬರಕ್ಕೋಸ್ಕರ ಹಸು ಕಟ್ಟಬೇಕಾ?

ನಮ್ಮದು ಸಿರಾ ಕಡೆಯ ಕೆಂಪು ಮಣ್ಣಿನ ಹೊಲ. ಮಳೆ ಬಿಟ್ಟರೆ ಬೇರೆ ನೀರಿಲ್ಲ. ರಾಗಿ, ಅದರ ನಡುವಿನ ಅಕ್ಕಡಿ ಸಾಲಿಗೆ ತೊಗರಿ, ಅವರೆ. ಹೋದ ವರ್ಷದಿಂದ ಮನೆಯಲ್ಲಿ ಒಂದೇ ಮಾತು. ಇರುವ ಎರಡು ಹಸು ಇಟ್ಟುಕೊಳ್ಳುವುದಾ, ಮಾರುವುದಾ? ಹಾಲಿನಿಂದ ಹೇಳಿಕೊಳ್ಳುವಂಥದ್ದೇನೂ ಉಳಿಯುವುದಿಲ್ಲ ಅಂತ ಮಾವನಿಗೂ ಗೊತ್ತು. ಅವರ ಚಿಂತೆಯೇ ಬೇರೆ. "ಹಸು ಹೋದ್ರೆ ತಿಪ್ಪೆ ಹೋಯ್ತು. ತಿಪ್ಪೆ ಹೋದ್ರೆ ಹೊಲ ಹೋಯ್ತು" ಅನ್ನುತ್ತಾರೆ.

ನಾನು ಲೆಕ್ಕ ಬರೆದು ಸಂಬಳ ತರುವವಳು. ಹಾಗಾಗಿ ಒಂದು ಭಾನುವಾರ ತಿಪ್ಪೆಯದ್ದೂ ಲೆಕ್ಕ ಹಾಕಲು ಕೂತೆ.

ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 5 ಕೆಜಿ ಸಾರಜನಕ, 2 ಕೆಜಿ ರಂಜಕ, 5 ಕೆಜಿ ಪೊಟ್ಯಾಷ್ ಇರುತ್ತದೆ. ಟ್ರ್ಯಾಕ್ಟರ್ ಲೋಡು ಎರಡೂವರೆ ಟನ್ ಅಂತ ಹಿಡಿಯಿರಿ. ಅಷ್ಟೂ ಸಾರಜನಕ 27 ಕೆಜಿ ಯೂರಿಯಾದಲ್ಲಿ ಸಿಗುತ್ತದೆ. 45 ಕೆಜಿ ಯೂರಿಯಾ ಚೀಲಕ್ಕೆ 266 ರೂಪಾಯಿ ಚಿಲ್ಲರೆ. ಅಂದರೆ 160 ರೂಪಾಯಿ! ರಂಜಕಕ್ಕೆ ಡಿಎಪಿ ಗೊಬ್ಬರ, ಜೊತೆಗೆ ಪೊಟ್ಯಾಷ್ ಸೇರಿಸಿದರೂ ಒಂದು ಲೋಡಿನ ಸಾರ ಸಾವಿರ, ಸಾವಿರದ ಇನ್ನೂರು ದಾಟುವುದಿಲ್ಲ. ಅದೇ ಲೋಡು ಕೊಳ್ಳಲು ಹೋದರೆ ನಮ್ಮೂರಲ್ಲಿ ನಾಲ್ಕು ಸಾವಿರ ಕೇಳುತ್ತಾರೆ. ಅದರ ಸಾರಜನಕವೂ ಮೊದಲ ವರ್ಷಕ್ಕೆ ಪೂರ್ತಿ ಬೆಳೆಗೆ ದಕ್ಕುವುದಿಲ್ಲ. ಕಾಗದದ ಮೇಲೆ ತಿಪ್ಪೆ ಸೋತಿತು.

ಮಾವ ಕಾಗದ ನೋಡಲಿಲ್ಲ. ಹೊಲಕ್ಕೆ ಕರೆದುಕೊಂಡು ಹೋದರು. ಆಗ ಮಳೆ ಕೈಕೊಟ್ಟು ಎರಡು ವಾರದ ಮೇಲಾಗಿತ್ತು. ರಾಗಿ ಹೊಡೆಗೆ ಬಂದಿತ್ತು. ರಸ್ತೆ ಪಕ್ಕದ ತಾಕಿಗೆ ಮೂರ್ನಾಲ್ಕು ವರ್ಷದಿಂದ ಚೀಲದ ಗೊಬ್ಬರ ಮಾತ್ರ ಬೀಳುತ್ತಿದೆ. ಅಲ್ಲಿ ಬೆಳಿಗ್ಗೆ ಹತ್ತಕ್ಕೇ ಎಲೆ ಸುರುಳಿ ಸುತ್ತಿಕೊಂಡಿತ್ತು. ಮೇಲ್ಮಣ್ಣು ಹೆಪ್ಪುಗಟ್ಟಿ ಹಪ್ಪಳದ ಹಾಗೆ ಏಳುತ್ತಿತ್ತು. ಬದುವಿನ ಆಚೆ, ಮನೆ ಗೊಬ್ಬರ ಕಂಡ ತಾಕಿನಲ್ಲಿ ಬೆರಳು ಒತ್ತಿದರೆ ಒಳಗೆ ಹೋಯಿತು. ಎರಡು ಗೆಣ್ಣು ಕೆಳಗೆ ಮಣ್ಣು ಇನ್ನೂ ತಣ್ಣಗಿತ್ತು. ಎಲೆ ಮಧ್ಯಾಹ್ನದವರೆಗೂ ಬಿಚ್ಚಿಕೊಂಡೇ ಇತ್ತು. ಆ ತೇವಕ್ಕೆ ನನ್ನ ಕಾಗದದಲ್ಲಿ ಕಾಲಮ್ಮೇ ಇರಲಿಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಮಳೆಯಾಶ್ರಿತ ರಾಗಿಯ ಮೇಲೆ ಇದನ್ನೇ 1978ರಿಂದ ನೋಡುತ್ತಾ ಬಂದಿದ್ದಾರೆ. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸಿನಷ್ಟು ರಾಸಾಯನಿಕ ಗೊಬ್ಬರವನ್ನೂ ಹಾಕಿದ ತಾಕಿನದ್ದೇ ಮೇಲುಗೈ. ಬರೀ ರಾಸಾಯನಿಕ ಹಾಕಿದ ಕಡೆ ವರ್ಷ ಕಳೆದಂತೆ ಇಳುವರಿ ಕುಸಿಯಿತು. ಬರೀ ಸಗಣಿ ಗೊಬ್ಬರ ಸಾಕು ಅನ್ನುವವರೂ ಗಮನಿಸಬೇಕು, ಗೆದ್ದದ್ದು ಎರಡೂ ಸೇರಿದ್ದು.

ಆದರೆ ಆ ಪ್ರಯೋಗದ ತಾಕಿಗೆ ಗೊಬ್ಬರ ಎಲ್ಲಿಂದಲೋ ಬಂದು ಬೀಳುತ್ತದೆ. ನಮ್ಮ ಮನೆಯಲ್ಲಿ ಅದನ್ನು ಬಾಚುವವರು ಅತ್ತೆ. ಬೆಳಗಾಗುವ ಮುಂಚೆ ಕೊಟ್ಟಿಗೆ, ಆಮೇಲೆ ಮಂಕರಿ ಹೊತ್ತು ತಿಪ್ಪೆಗೆ. ನೆಂಟರ ಮದುವೆಗೆ ಹೋದರೂ ಊಟ ಮುಗಿಸಿ ಸಂಜೆ ಹಾಲು ಕರೆಯುವ ಹೊತ್ತಿಗೆ ಓಡಿ ಬರಬೇಕು. ನನ್ನ ಲೆಕ್ಕ ಕೇಳಿ ಅವರು ಅಂದದ್ದು ಇಷ್ಟೇ: "ಇದ್ರಾಗೆ ನನ್ನ ಸೊಂಟ ಎಲ್ಲೈತಮ್ಮಾ?" ಮನೆ ಗೊಬ್ಬರ ಪುಕ್ಕಟೆ ಅನ್ನುವವರು ಸಾಮಾನ್ಯವಾಗಿ ಪೊರಕೆ ಹಿಡಿಯದ ಗಂಡಸರು, ಅಲ್ವಾ?

ಇನ್ನೊಂದು ವಿಷಯ. ಹಸು ಸಾರವನ್ನು ಹುಟ್ಟಿಸುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ. ರಾಗಿ ಹುಲ್ಲಿನ ಜೊತೆ ಹೊಲದ ಪೊಟ್ಯಾಷ್ ಕೊಟ್ಟಿಗೆಗೆ ಬರುತ್ತದೆ. ಅಂಗಡಿ ಹಿಂಡಿಯ ಜೊತೆ ಯಾರದೋ ಹೊಲದ ಸಾರಜನಕವೂ ಬರುತ್ತದೆ. ತಿಂದದ್ದರಲ್ಲಿ ಹಾಲಿಗೆ ಹೋಗುವುದು ಸ್ವಲ್ಪ, ಬಹುಪಾಲು ಹಿಂದಿನಿಂದ ವಾಪಸ್. ಅದರಲ್ಲೂ ಪೊಟ್ಯಾಷ್ ಜಾಸ್ತಿ ಇರುವುದು ಗಂಜಲದಲ್ಲಿ. ನಮ್ಮೂರ ಎಷ್ಟು ಕೊಟ್ಟಿಗೆಗಳ ಗಂಜಲ ಸೀದಾ ಚರಂಡಿಗೆ ಹೋಗುತ್ತದೆ, ನೋಡಿ. ಸಗಣಿಯನ್ನು ಜೋಪಾನ ಮಾಡಿ ಗಂಜಲ ಬಿಟ್ಟರೆ ಅರ್ಧ ಗೊಬ್ಬರ ಬಿಟ್ಟ ಹಾಗೆಯೇ.

ಅದಕ್ಕೇ ನನಗೆ ಹಸುವಿಗಿಂತ ಕುರಿ ಮಂದೆಯ ಮೇಲೆ ಮನಸ್ಸು. ಕೊಯ್ಲಾದ ಮೇಲೆ ಮಂದೆಯವರು ಬಂದು ರಾತ್ರಿ ಹೊಲದಲ್ಲೇ ಕುರಿ ಕೂಡುತ್ತಾರೆ. ಹಿಕ್ಕೆಯೂ ಗಂಜಲವೂ ಬೇಕಾದ ಜಾಗದಲ್ಲೇ ಬೀಳುತ್ತದೆ. ಬಾಚಬೇಕಾಗಿಲ್ಲ, ಹೊರಬೇಕಾಗಿಲ್ಲ, ಟ್ರ್ಯಾಕ್ಟರ್ ಬಾಡಿಗೆಯೂ ಇಲ್ಲ. ಮಂದೆಯವರಿಗೆ ನಾವು ಕೊಡುವುದು ರಾತ್ರಿಗಿಷ್ಟು ಅಂತ ದುಡ್ಡು, ಜೊತೆಗೆ ರಾಗಿ. ಆದರೆ ಮಂದೆ ಎದ್ದ ಮೇಲೆ ಬೇಗ ಒಂದು ಉಳುಮೆ ಆಗಲೇಬೇಕು. ಇಲ್ಲದಿದ್ದರೆ ಬಿಸಿಲಿಗೆ ಒಣಗಿ ಸಾರಜನಕ ಗಾಳಿಗೆ ಹೋಗುತ್ತದೆ. ಇನ್ನೊಂದು ಕಾಟ ಬಳ್ಳಾರಿ ಜಾಲಿ. ಕುರಿಗೆ ಅದರ ಕಾಯಿ ಅಂದರೆ ಪ್ರಾಣ. ಬೀಜ ಹೊಟ್ಟೆಯಲ್ಲಿ ಸಾಯದೆ ಹೊಲಕ್ಕೆ ಬೀಳುತ್ತದೆ. ಮುಂಗಾರಿಗೆ ರಾಗಿಗಿಂತ ಮೊದಲು ಜಾಲಿ ಸಸಿ ಏಳುತ್ತದೆ. ಎಳೆಯದಿದ್ದಾಗಲೇ ಕೀಳದಿದ್ದರೆ ಆಮೇಲೆ ಗುದ್ದಲಿಯೇ ಬೇಕು.

ಮಂದೆ ಸಿಗುವುದೂ ಈಗ ಸುಲಭವಿಲ್ಲ. ಬಯಲುಸೀಮೆಯ ಕುರಿಗೊಬ್ಬರ ಲಾರಿಗಟ್ಟಲೆ ಮಲೆನಾಡಿನ ಅಡಿಕೆ ತೋಟಕ್ಕೆ ಹೋಗುತ್ತದೆ. ಅಡಿಕೆಯವರು ಕೊಡುವ ರೇಟನ್ನು ರಾಗಿಯವರು ಕೊಡಲಾದೀತಾ? ಕುರಿಯವರನ್ನು ತಪ್ಪು ಅನ್ನಲೂ ಬರುವುದಿಲ್ಲ. ಆದರೂ ಸಾವಯವ ಅಂಶ ಮೊದಲೇ ಕಡಿಮೆ ಇರುವ ನಮ್ಮ ಮಣ್ಣಿನಿಂದ ಅದನ್ನು ಕಾಡಿನಂಚಿನ ತೋಟಕ್ಕೆ ಸಾಗಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೊನೆಗೆ ಒಂದು ಹಸು ಮಾರಿದೆವು. ಯಾವುದನ್ನು ಅನ್ನುವುದನ್ನು ಅತ್ತೆಗೇ ಬಿಟ್ಟೆವು. ಬಂದ ದುಡ್ಡಿನಲ್ಲಿ ಸ್ವಲ್ಪ ಕೊಟ್ಟಿಗೆಯ ನೆಲಕ್ಕೆ ಹೋಯಿತು. ಸಿಮೆಂಟ್ ಹಾಕಿಸಿ, ಗಂಜಲ ಸೀದಾ ತಿಪ್ಪೆಗುಂಡಿಗೆ ಬೀಳುವ ಹಾಗೆ ಕಾಲುವೆ ಮಾಡಿಸಿದ್ದೇವೆ. ಉಳಿದದ್ದರಲ್ಲಿ ಮಂದೆಯವರಿಗೆ ಮುಂಗಡ. ರಸ್ತೆ ಪಕ್ಕದ ತಾಕಿನಲ್ಲೇ ಮೊದಲು ಕೂಡಬೇಕು ಅಂತ ಕರಾರು. ಪಕ್ಕದ ಹೊಲದವರು ಅದೇ ವಾರ ತಮಗೂ ಬೇಕು ಅನ್ನುತ್ತಿದ್ದಾರೆ. ಅದಿನ್ನೂ ಇತ್ಯರ್ಥವಾಗಿಲ್ಲ.