ಚಾರ್ಜ್ ಆಗುತ್ತದೆ, ಕಾಣುವುದಿಲ್ಲ

ಫೋನಿನಲ್ಲಿದ್ದ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳೋಣವೆಂದು ಇಂದು ಬೆಳಗ್ಗೆ ಕುಳಿತವನು ಏಳುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಕೇಬಲ್ ಸಿಕ್ಕಿಸಿದ ಕೂಡಲೇ ಫೋನು ಚಾರ್ಜ್ ಆಗತೊಡಗುತ್ತಿತ್ತು. ಲ್ಯಾಪ್‌ಟಾಪ್ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿತ್ತು.

ಎರಡನ್ನೂ ರೀಸ್ಟಾರ್ಟ್ ಮಾಡಿದೆ, ಪೋರ್ಟ್ ಬದಲಿಸಿದೆ, ಡ್ರೈವರನ್ನು ತೆಗೆದು ಮತ್ತೆ ಹಾಕಿದೆ. ಚಾರ್ಜ್ ಆಗುತ್ತಿರುವುದರಿಂದ ಕೇಬಲ್ ಸರಿಯಾಗಿಯೇ ಇದೆಯೆಂದು ನಾನು ಗಟ್ಟಿಯಾಗಿ ನಂಬಿದ್ದೆ, ದಾರಿ ತಪ್ಪಿಸಿದ್ದು ಆ ನಂಬಿಕೆಯೇ. ಸಾಮಾನ್ಯ ಯುಎಸ್‌ಬಿ 2.0 ಕೇಬಲಿನೊಳಗೆ 4 ತಂತಿಗಳಿರುತ್ತವೆ. ಎರಡು ವಿದ್ಯುತ್ತನ್ನು ಒಯ್ಯುತ್ತವೆ, ಇನ್ನೆರಡು ಮಾಹಿತಿಯನ್ನು. ಚಾರ್ಜಿಂಗ್‌ಗೆಂದೇ ತಯಾರಾದ ಕೆಲವು ಕೇಬಲುಗಳಲ್ಲಿ ಈ ಇನ್ನೆರಡು ಇರುವುದೇ ಇಲ್ಲ, ಮತ್ತು ಹೊರಗಿನಿಂದ ಎಷ್ಟು ತಿರುಗಿಸಿ ನೋಡಿದರೂ ಆ ಕೊರತೆ ಕಣ್ಣಿಗೆ ಬೀಳುವುದಿಲ್ಲ. ನನ್ನ ಕೈಯಲ್ಲಿದ್ದದ್ದು ಓದುವ ಮೇಜಿನ ಪುಟ್ಟ ದೀಪದೊಂದಿಗೆ ಬಂದ ಕೇಬಲ್. ಪಾಪ, ಅದು ತನಗೆ ಒಪ್ಪಿಸಿದ್ದ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಬೇರೆ ಕೇಬಲ್ ಹಾಕಿದಾಗ ಫೋನಿನ ಹೆಸರೇನೋ ಕಂಡಿತು, ಆದರೆ ಒಳಗೆಲ್ಲ ಖಾಲಿ. ಆಂಡ್ರಾಯ್ಡ್ ಫೋನು ಸಾಮಾನ್ಯವಾಗಿ ತಾನಾಗಿ ಕಡತಗಳನ್ನು ತೆರೆದುಕೊಡುವುದಿಲ್ಲ. ಪರದೆಯ ಲಾಕ್ ತೆಗೆದು, ನೋಟಿಫಿಕೇಶನ್ನಿನಲ್ಲಿ ‘ಫೈಲ್ ವರ್ಗಾವಣೆ’ಯನ್ನು ನಾವೇ ಆರಿಸಬೇಕು. ಆರಿಸಿದೆ. ಫೋಟೋಗಳು ಬಂದವು.

ದೀಪದ ಕೇಬಲಿನ ತುದಿಗೆ ಈಗ ಕೆಂಪು ಟೇಪು ಸುತ್ತಿಟ್ಟಿದ್ದೇನೆ.